ಮರಿಯ ಮುಖಕ್ಕೆ ಇನ್ನೊಂದು ವರ್ಷ

ಆ ಬೀದಿಯಲ್ಲಿ ಎಪ್ಪತ್ತು ದಾಟಿದ ಮುದುಕರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಇನ್ನೂ ಐವತ್ತೈದು ತುಂಬಿರಲಿಲ್ಲ. ಹೀಗೆ ಊರಿಗೆಲ್ಲ ಚಿಕ್ಕಮ್ಮನಾದದ್ದು ಅಕ್ಕನ ಮಗನ ದೆಸೆಯಿಂದ. ಅಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಕೆಲಸ, ಭಾವ ಶಾಲೆಯ ಬಸ್ಸಿನ ಡ್ರೈವರ್. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಹುಡುಗ ಶಾಲೆ ಬಿಟ್ಟೊಡನೆ ಚಿಕ್ಕಮ್ಮನ ಫೋಟೋ ಸ್ಟುಡಿಯೋಕ್ಕೆ ಬಂದುಬಿಡುತ್ತಿದ್ದ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆಲ್ಲ, "ಚಿಕ್ಕಮ್ಮ ಕತ್ತಲೆ ಕೋಣೇಲಿದ್ದಾಳೆ, ಕೂತ್ಕೊಳ್ಳಿ, ಬಾಗಿಲು ಮಾತ್ರ ತೆಗೀಬೇಡಿ" ಎಂದು ದೊಡ್ಡ ಸಾಹೇಬನ ಗತ್ತಿನಲ್ಲಿ ಹೇಳುತ್ತಿದ್ದ. ಕೇಳಿದವರೂ ಹಾಗೇ ಕರೆಯತೊಡಗಿದರು. ಅಂಗಡಿಯ ಮೇಲೆ ಬೇರೆ ಯಾವುದೋ ಬೋರ್ಡು ಇತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ಅವಳು ಆ ಸ್ಟುಡಿಯೋಕ್ಕೆ ಬಂದದ್ದು ಹತ್ತೊಂಬತ್ತರ ವಯಸ್ಸಿನಲ್ಲಿ, ಫೋಟೋ ತಿದ್ದುವ ಕೆಲಸಕ್ಕೆ. ಆಗಿನ ಮಾಲೀಕ ಒಬ್ಬ ಸಿಡುಕು ಮುದುಕ. ಚೂಪು ಮಾಡಿದ ಪೆನ್ಸಿಲನ್ನು ನೆಗೆಟಿವ್ ಮೇಲೆ ಕೂದಲೆಳೆಯಷ್ಟು ಆಡಿಸಿ ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಇವನ್ನೆಲ್ಲ ಮಾಯ ಮಾಡುವುದನ್ನು ಅವಳಿಗೆ ಕಲಿಸಿದವನು ಅವನೇ. ಅವನ ಕಣ್ಣು ಕೈಕೊಟ್ಟ ಮೇಲೆ ಸ್ಟುಡಿಯೋ ಅವಳ ಕೈಗೆ ಬಂತು. ಕತ್ತಲೆ ಕೋಣೆ ಹೋಗಿ ಕಂಪ್ಯೂಟರ್ ಬಂದರೂ ತಿದ್ದುವ ಕೆಲಸದಲ್ಲಿ ಅವಳದೇ ಕೈ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಗಂಡುಗಳ ಫೋಟೋ ತಿದ್ದೀ ತಿದ್ದೀ ಎಲ್ಲರ ನಿಜ ಬಣ್ಣ ಗೊತ್ತಾಗಿಬಿಟ್ಟಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಹುಡುಗನನ್ನು ಮನೆಯಲ್ಲಿ ಮರಿ ಎಂದು ಕರೆಯುತ್ತಿದ್ದರು. ಆರಡಿ ಬೆಳೆದ ಮೇಲೂ ಮರಿಯೇ. ಓದು ಅಷ್ಟಕ್ಕಷ್ಟೇ, ಸೈನ್ಯಕ್ಕೆ ಸೇರಿದ. ಸೇರುವಾಗ ಬೇಕಾದ ಫೋಟೋ ತೆಗೆದವಳು ಚಿಕ್ಕಮ್ಮನೇ. ಎರಡನೆಯ ವರ್ಷ ಗಡಿಯ ಹತ್ತಿರ ಪ್ರವಾಹದಲ್ಲಿ ನದಿ ದಾಟುತ್ತಿದ್ದಾಗ ದೋಣಿ ಮಗುಚಿತು. ಅದರಲ್ಲಿದ್ದ ಉಳಿದವರೆಲ್ಲರ ದೇಹ ಸಿಕ್ಕಿತು. ಮರಿಯದು ಸಿಗಲಿಲ್ಲ. ಸೈನ್ಯದವರು ಕೆಳಗಿನ ಊರುಗಳವರೆಗೂ ಹುಡುಕಿ, ಕಡೆಗೆ 'ಕಾಣೆಯಾಗಿದ್ದಾರೆ' ಎಂದು ಹೇಳಿ ಕೈ ಚೆಲ್ಲಿದರು.

ಅಕ್ಕ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಣೆಯಾದವನು ಎಂದರೆ ಎಲ್ಲೋ ಇದ್ದಾನೆ ಎಂದೇ ಅರ್ಥ. ತಲೆಗೆ ಪೆಟ್ಟಾಗಿ ನೆನಪು ಹೋಗಿರಬಹುದು, ನದಿಯ ಆಚೆ ದಡದಲ್ಲಿ ಯಾರದೋ ಮನೆಯಲ್ಲಿರಬಹುದು. ಸಾಂತ್ವನ ಹೇಳಲು ಬಂದವರನ್ನು, "ಏನಾಯ್ತು ಅಂತ ಬಂದಿದ್ದೀರಿ?" ಎಂದು ಬಾಗಿಲಲ್ಲೇ ಕೇಳಿ ಕಳಿಸಿದಳು. ಮಗನ ಫೋಟೋ ಹಿಡಿದುಕೊಂಡು ಪೊಲೀಸ್ ಠಾಣೆ, ಆಸ್ಪತ್ರೆ, ಅನಾಥಾಶ್ರಮ ಎಲ್ಲಾ ಕಡೆ ಅಲೆದಳು. ಹೀಗೆ ಅಲೆಯುತ್ತಿದ್ದಾಗ ಒಂದು ಠಾಣೆಯಲ್ಲಿ ಯಾರೋ ಪೇದೆ, "ಈ ಫೋಟೋ ಹಳೇದಾಯ್ತಲ್ಲಮ್ಮ, ಈಗ ಹೇಗಾಗಿದ್ದಾನೋ ಏನೋ" ಎಂದ. ಅವನೇನೋ ಬಾಯಿಗೆ ಬಂದದ್ದನ್ನು ಹೇಳಿದ್ದ. ಅಕ್ಕ ಅಲ್ಲಿಂದ ನೇರವಾಗಿ ಸ್ಟುಡಿಯೋಕ್ಕೆ ಬಂದು, ಚಪ್ಪಲಿಯನ್ನೂ ಬಿಡದೆ, "ಇವನಿಗೆ ಮೂರು ವರ್ಷ ಸೇರಿಸು" ಎಂದಳು.

ಚಿಕ್ಕಮ್ಮ ಸೇರಿಸಿದಳು. ಗಲ್ಲದ ನುಣುಪನ್ನು ಸ್ವಲ್ಪ ತೆಗೆದಳು, ಗಡ್ಡದ ನೆರಳನ್ನು ಗಾಢ ಮಾಡಿದಳು, ಹುಬ್ಬಿನ ನಡುವೆ ಒಂದು ತೆಳುವಾದ ಗೆರೆ ಹಾಕಿದಳು. ಮನುಷ್ಯರ ಮುಖದಿಂದ ವಯಸ್ಸನ್ನು ಅಳಿಸುವುದರಲ್ಲೇ ಬದುಕು ಕಳೆದವಳು ಮೊದಲ ಸಲ ವಯಸ್ಸನ್ನು ಹಚ್ಚಿದ್ದು ಅಂದು. ಅಕ್ಕ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದು, "ಹೂಂ, ಹೀಗೇ ಇರ್ತಾನೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅದು ಅಲ್ಲಿಗೆ ನಿಲ್ಲಲಿಲ್ಲ. ಮಡಿದ ಸೈನಿಕರನ್ನು ನೆನೆಯಲು ಸರ್ಕಾರ ಒಂದು ಸೋಮವಾರ ರಜೆ ಕೊಡುತ್ತಿತ್ತು. ಶನಿವಾರ, ಭಾನುವಾರ ಸೇರಿ ಮೂರು ದಿನ. ಜನ ಅದನ್ನು ನೆನಪಿನ ರಜೆ ಎನ್ನುತ್ತಿದ್ದರು. ಆ ಮೂರು ದಿನ ನೆರೆಹೊರೆಯವರ ಮರುಕದ ಮುಖ ನೋಡಲಾಗದೆ ಅಕ್ಕ ಬ್ಯಾಗು ಹಿಡಿದು ತಂಗಿಯ ಮನೆಗೆ, ಎಂದರೆ ಸ್ಟುಡಿಯೋದ ಹಿಂದಿನ ಎರಡು ಕೋಣೆಗೆ, ಬರುವುದು ರೂಢಿಯಾಯಿತು. ಪ್ರತಿ ವರ್ಷ ಆ ಶನಿವಾರ ಇಬ್ಬರೂ ಕೂತು ಮರಿಯ ಮುಖಕ್ಕೆ ಇನ್ನೊಂದು ವರ್ಷ ಸೇರಿಸುತ್ತಿದ್ದರು. ಭಾನುವಾರ ಪ್ರಿಂಟು ಹಾಕಿಸಿಕೊಂಡು, ಸೋಮವಾರ ಸಂಜೆ ಅಕ್ಕ ಮನೆಗೆ ಹೋಗುತ್ತಿದ್ದಳು. ಸೋಮವಾರ ಬೆಳಗ್ಗೆ ಪುರಸಭೆಯ ತೋಟದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಚಿಕ್ಕಮ್ಮ ಕ್ಯಾಮೆರಾ ಹಿಡಿದು ಹೋದರೆ ಅಕ್ಕ ಹಿಂದಿನ ಕೋಣೆಯಲ್ಲಿ ಫ್ಯಾನಿನ ಸದ್ದು ಜೋರು ಮಾಡಿಕೊಂಡು ಮಲಗುತ್ತಿದ್ದಳು. ಬ್ಯಾಂಡಿನ ಶಬ್ದ ಕಿವಿಗೆ ಬೀಳಬಾರದು, ಅಷ್ಟೇ.

ಭಾವ ಇದಕ್ಕೆ ಏನೂ ಅನ್ನುತ್ತಿರಲಿಲ್ಲ. ಅವನು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಬಸ್ಸಿನಲ್ಲಿ ಐವತ್ತು ಮಕ್ಕಳ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಮೌನವೇ ಹಿತ ಎನ್ನುತ್ತಿದ್ದ.

ಮರಿ ಕಾಣೆಯಾಗಿ ಹನ್ನೊಂದು ವರ್ಷವಾಗಿತ್ತು. ರಜೆಯ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ತೋಟದ ಕಾರ್ಯಕ್ರಮ ನಡೆಸುವ ಸಮಿತಿಯ ಕಾರ್ಯದರ್ಶಿ ಸ್ಟುಡಿಯೋಕ್ಕೆ ಬಂದ. ಪುರಸಭೆಯ ನೀರಿನ ವಿಭಾಗದಲ್ಲಿದ್ದು ನಿವೃತ್ತನಾದವನು. ಯಾವ ಕೆಲಸಕ್ಕೂ ಅವಸರದಲ್ಲೇ ಓಡಾಡುವ ಒಳ್ಳೆಯ ಮನುಷ್ಯ. ತೋಟದಲ್ಲಿ ಹೊಸದೊಂದು ಕಲ್ಲು ನಿಲ್ಲಿಸುತ್ತಿದ್ದಾರೆ, ಯುದ್ಧವಲ್ಲದೆ ಬೇರೆ ಕರ್ತವ್ಯದಲ್ಲಿ ತೀರಿಕೊಂಡವರ ಹೆಸರು ಅದರ ಮೇಲೆ ಇದೆ, ಸೋಮವಾರ ಅನಾವರಣ, ಅದಕ್ಕೆ ಮೊದಲು ಪತ್ರಿಕೆಗೆ ಒಂದು ಫೋಟೋ ಬೇಕು ಎಂದ. "ಕೆತ್ತುವವನ ಶೆಡ್ಡಲ್ಲೇ ಇದೆ ಚಿಕ್ಕಮ್ಮ, ಒಂದು ಸಲ ಹೋಗಿ ಬಂದ್ಬಿಡಿ" ಎಂದ. ಅವಳ ಮುಖ ನೋಡದೆ ಹೇಳಿದ್ದು ಅವಳಿಗೆ ಆಮೇಲೆ ನೆನಪಾಯಿತು.

ಶೆಡ್ಡಿನ ತುಂಬ ಕಲ್ಲಿನ ಹಿಟ್ಟು. ನೀರು ಸುರಿಯುತ್ತಿದ್ದ ಗರಗಸ ನಿಂತಿತು. ಕೆತ್ತುವವನು ಒದ್ದೆ ಗೋಣಿಯಿಂದ ಕಪ್ಪು ಕಲ್ಲನ್ನು ಒರೆಸಿ, "ಹೊಳಪು ಬೀಳುತ್ತೆ, ಸ್ವಲ್ಪ ಓರೆಯಾಗಿ ತೆಗೀರಿ" ಎಂದು ತನಗೆ ಗೊತ್ತಿದ್ದದ್ದನ್ನು ಹೇಳಿದ. ಅವಳು ಕ್ಯಾಮೆರಾ ಕಣ್ಣಿಗಿಟ್ಟು ಮೇಲಿನಿಂದ ಕೆಳಕ್ಕೆ ಬಂದಳು. ಒಂಬತ್ತನೆಯ ಸಾಲಿನಲ್ಲಿದ್ದ ಹೆಸರು ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಶಾಲೆಯ ಹಾಜರಿಗೂ ಸೈನ್ಯಕ್ಕೂ ಮಾತ್ರ ಬಳಕೆಯಾದ, ಮನೆಯಲ್ಲಿ ಯಾರೂ ಬಾಯಿ ತುಂಬ ಕರೆಯದಿದ್ದ ಆ ಉದ್ದದ ಹೆಸರು. ಆಮೇಲೆ ಗುರುತು ಸಿಕ್ಕಿತು. ಕೈ ಮಾತ್ರ ರೂಢಿಯ ಪ್ರಕಾರ ಬಟನ್ ಒತ್ತಿತು.

"ಈ ಹೆಸರು ಯಾರು ಕೊಟ್ಟಿದ್ದು?" ಎಂದು ಕೇಳಿದಳು.

"ಸಮಿತಿಯವರು ಕೊಟ್ಟಿದ್ದನ್ನ ನಾನು ಕೆತ್ತೋದಮ್ಮ. ಯಾಕೆ, ಅಕ್ಷರ ತಪ್ಪಿದ್ಯಾ?"

"ಇಲ್ಲ. ಅಕ್ಷರ ಸರಿಯಾಗಿದೆ."

ಕಾರ್ಯದರ್ಶಿಗೆ ಅಲ್ಲಿಂದಲೇ ಫೋನು ಮಾಡಿದಳು. ಅವನು ಒಂದು ಗಳಿಗೆ ತಡವರಿಸಿ, "ನಿಮ್ಮ ಭಾವಾನೇ ಬಂದು ಒಪ್ಪಿಗೆ ಕೊಟ್ರು ಚಿಕ್ಕಮ್ಮ. ಮನೇಲಿ ಮಾತಾಡಿರ್ತಾರೆ ಅಂದ್ಕೊಂಡೆ" ಎಂದ.

ಸಂಜೆ ಶಾಲೆಯ ಬಸ್ಸುಗಳು ನಿಲ್ಲುವ ಅಂಗಳಕ್ಕೆ ಹೋದಳು. ಭಾವ ಪ್ಯಾಂಟು ಮಡಿಸಿಕೊಂಡು, ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ನಲ್ಲಿ ನಿಲ್ಲಿಸಿದ. ಯಾಕೆ ಬಂದಿದ್ದಾಳೆಂದು ಕೇಳಲಿಲ್ಲ.

"ಅಕ್ಕನಿಗೆ ಗೊತ್ತಾ ಭಾವ?"

"ಇಲ್ಲ."

"ಸೋಮವಾರ ಊರಿಗೆಲ್ಲ ಗೊತ್ತಾಗುತ್ತೆ. ನಾಳೆ ಅವಳು ನನ್ನ ಹತ್ರ ಬರ್ತಾಳೆ. ಮರಿ ಫೋಟೋ ಮಾಡು ಅಂತಾಳೆ. ನಾನೇನು ಹೇಳ್ಲಿ?"

ಭಾವ ಬಸ್ಸಿನ ಮೆಟ್ಟಿಲ ಮೇಲೆ ಕೂತ. ಒದ್ದೆ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡ. "ನೋಡಮ್ಮ, ಪ್ರತಿ ವರ್ಷ ಎಲ್ಲರೂ ಅಲ್ಲಿ ಹೋಗಿ ನಿಂತ್ಕೊಳ್ತಾರೆ. ನಾನು ತೋಟದ ಹೊರಗೆ ಬಸ್ ನಿಲ್ಲಿಸ್ಕೊಂಡು ಕನ್ನಡಿಯಲ್ಲಿ ನೋಡ್ತೀನಿ. ನನಗೂ ಎಲ್ಲಾದ್ರೂ ಒಂದು ಕಡೆ ನಿಂತ್ಕೊಂಡು ಅಳ್ಬೇಕಲ್ಲ. ಮನೇಲಿ ಅಳೋ ಹಾಗಿಲ್ಲ. ಅತ್ರೆ, ನೀವು ಮಗನ್ನ ಸಾಯಿಸ್ತಿದ್ದೀರ ಅಂತಾಳೆ."

"ನೀವೇ ಹೇಳಿ ಭಾವ" ಎಂದಳು.

"ಹೇಳೋಕೆ ಎಷ್ಟು ಸಲ ಬಾಯಿ ತೆಗೆದೆ. ಆಗ್ಲಿಲ್ಲ" ಎಂದು ಅವನು ಮತ್ತೆ ನಲ್ಲಿ ತಿರುಗಿಸಿದ.

ಶನಿವಾರ ಬೆಳಗ್ಗೆ ಅಕ್ಕ ಬಂದಳು. ಬಂದವಳೇ ಮೊದಲು ಮಾಡುವ ಕೆಲಸ ಎಂದರೆ ತಂಗಿಯ ಹಾಸಿಗೆಯ ಹೊದಿಕೆ ಕೊಡವಿ, ನಾಲ್ಕು ಮೂಲೆಯನ್ನೂ ಆಸ್ಪತ್ರೆಯ ಮಂಚದ ಹಾಗೆ ಬಿಗಿದು ಮಡಿಸುವುದು. ಇಪ್ಪತ್ತೆಂಟು ವರ್ಷ ಬಿಸಿ ರೋಲರಿನಿಂದ ಬರುವ ಬಟ್ಟೆ ಹಿಡಿದು ಅವಳ ಬೆರಳ ತುದಿಗಳಿಗೆ ಶಾಖವೇ ತಿಳಿಯುತ್ತಿರಲಿಲ್ಲ. ಕುದಿಯುವ ಚಹಾದ ಲೋಟವನ್ನು ಹಾಗೇ ಹಿಡಿದುಕೊಳ್ಳುತ್ತಿದ್ದಳು. ಲೋಟ ಹಿಡಿದು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಕೂತು, "ಹೂಂ, ಶುರು ಮಾಡು" ಎಂದಳು.

ಹಿಂದಿನ ವರ್ಷದ ಮುಖ ಪರದೆಯ ಮೇಲೆ ಬಂತು. ಮೇಜಿನ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಕ್ಯಾಮೆರಾ ಇತ್ತು. ಅದರ ಹೊಟ್ಟೆಯಲ್ಲಿ ಕಲ್ಲಿನ ಚಿತ್ರ ಹಾಗೇ ಇತ್ತು. ಚಿಕ್ಕಮ್ಮ ಅದರ ಮೇಲೆ ಒಂದು ಬಟ್ಟೆ ಎಳೆದಳು.

"ಕಿವಿ ಹತ್ರ ಒಂದೆರಡು ಬಿಳಿ ಕೂದ್ಲು ಹಾಕು. ಅವರಪ್ಪನಿಗೆ ಈ ವಯಸ್ಸಿಗೇ ಬಂದಿತ್ತು."

"ಹಾಕಿದೆ."

"ಅಷ್ಟೊಂದು ಬೇಡ್ವೇ, ಮುದುಕ ಮಾಡ್ಬೇಡ. ಕನ್ನಡಕ ಬಂದಿರ್ಬಹುದಾ?"

"ನಮ್ಮ ಕಡೆ ಯಾರಿಗೂ ಅಷ್ಟು ಬೇಗ ಬಂದಿಲ್ಲ."

"ಹೊಟ್ಟೆ ಅಂತೂ ಬಂದಿರುತ್ತೆ. ತಿನ್ನೋದೇನು ಕಡಿಮೆನಾ?" ಎಂದು ಅಕ್ಕ ನಕ್ಕಳು. "ಹೋಗ್ಲಿ ಬಿಡು, ಫೋಟೋದಲ್ಲಿ ಹೊಟ್ಟೆ ಕಾಣಲ್ಲ."

ಚಿಕ್ಕಮ್ಮನೂ ನಗಬೇಕಾಯಿತು. ಆ ದಿನ ಪೂರ್ತಿ ಅವಳು ಹೇಳಲು ಹೊರಟು ಹೊರಟು ನಿಂತಳು. ಊಟಕ್ಕೆ ಕೂತಾಗ ಹೇಳೋಣ ಎಂದುಕೊಂಡಳು. ಅಕ್ಕ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಊಟವಾದ ಮೇಲೆ ಗಿರಾಕಿಗಳು ಬಂದರು. ಆ ವಾರಾಂತ್ಯ ಹಳೆಯ ಫೋಟೋ ದೊಡ್ಡದು ಮಾಡಿಸಲು, ಮಾಸಿದ್ದನ್ನು ತಿದ್ದಿಸಲು ಸತ್ತವರ ಮನೆಯವರೇ ಬರುವುದು. ಒಬ್ಬ ಹೆಂಗಸು ಅಕ್ಕನನ್ನು ನೋಡಿ, "ಸೋಮವಾರ ನೀವೂ ಬರ್ತೀರಲ್ಲ?" ಎಂದಳು. ಅಕ್ಕ, "ನಾನ್ಯಾಕೆ ಬರ್ಲಿ?" ಎಂದು ಮುಖ ತಿರುಗಿಸಿಕೊಂಡದ್ದರಿಂದ ಮಾತು ಅಲ್ಲಿಗೇ ಮುಗಿಯಿತು.

ಭಾನುವಾರ ಪ್ರಿಂಟು ಹಾಕುವ ಹೊತ್ತಿಗೆ ಇನ್ನು ತಡೆಯಲಾಗದು ಎನಿಸಿತು. ನಾಳೆ ಬೀದಿಯಲ್ಲಿ ಯಾರಿಂದಲೋ ತಿಳಿಯುವುದಕ್ಕಿಂತ ತನ್ನ ಬಾಯಿಂದಲೇ ಬರಲಿ. ಯಂತ್ರದಿಂದ ಮರಿಯ ಮುಖ ಹಣೆಯಿಂದ ಶುರುವಾಗಿ ನಿಧಾನವಾಗಿ ಹೊರಗೆ ಬರುತ್ತಿತ್ತು.

"ಅಕ್ಕ, ತೋಟದಲ್ಲಿ ಹೊಸ ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಮರಿ ಹೆಸರಿದೆ."

ಅಕ್ಕ ಕಾಗದದ ತುದಿ ಹಿಡಿದಿದ್ದಳು. ಅದು ಪೂರ್ತಿ ಹೊರಬರುವವರೆಗೂ ಕಾದಳು. ತೆಗೆದು ಮೇಜಿನ ಮೇಲೆ ಇಟ್ಟಳು.

"ಯಾರು ಬರೆಸಿದ್ದು?"

ಚಿಕ್ಕಮ್ಮ ಯಂತ್ರದ ಸ್ವಿಚ್ಚು ಆರಿಸಿದಳು. ಯಾರೆಂದು ಅಕ್ಕನಿಗೆ ಅಷ್ಟರಲ್ಲೇ ತಿಳಿದಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ನಿನ್ನೆ ಪೂರ್ತಿ ನನ್ನ ಪಕ್ಕ ಕೂತ್ಕೊಂಡು ಅವನಿಗೆ ಬಿಳಿ ಕೂದ್ಲು ಹಚ್ಚಿದ್ಯಲ್ಲ, ಆಗ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಅಕ್ಕ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಚಿಕ್ಕಮ್ಮ ಶಟರ್ ಅರ್ಧ ಎಳೆದು, ಭಾವನಿಗೆ ಫೋನಿನಲ್ಲಿ, "ಹೇಳಿದೆ, ಬನ್ನಿ" ಎಂದಷ್ಟೇ ಹೇಳಿ ಹಿಂದೆ ಓಡಿದಳು.

ಭಾನುವಾರದ ಮಧ್ಯಾಹ್ನ, ಅಂಗಡಿಗಳು ಮುಚ್ಚಿದ್ದವು. ತೋಟದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಕಲ್ಲಿಗೆ ಬಿಳಿ ಬಟ್ಟೆ ಹೊದಿಸಿ ಹಗ್ಗ ಸುತ್ತಿದ್ದರು. ಕಾವಲುಗಾರ, "ನಾಳೆ ತೆಗೀತಾರಮ್ಮ" ಎಂದು ಅಡ್ಡ ಬಂದ. ಅಕ್ಕ ಅವನನ್ನು ದಾಟಿ ಹೋಗಿ, ಲಾಂಡ್ರಿಯ ಗಂಟು ಬಿಚ್ಚುವಷ್ಟೇ ಸಲೀಸಾಗಿ ಹಗ್ಗ ಬಿಚ್ಚಿದಳು. ಬಟ್ಟೆಯನ್ನು ನೆಲಕ್ಕೆ ಬೀಳಗೊಡದೆ ತೋಳಿನ ಮೇಲೆ ಹಾಕಿಕೊಂಡು ಒಂದೊಂದೇ ಸಾಲು ಓದಿದಳು. ಮರಿಯ ಹೆಸರಿನ ಹತ್ತಿರ ಬಂದು ಮೊದಲ ಅಕ್ಷರದ ಒಳಗೆ ಬೆರಳಿಟ್ಟಳು.

"ಎಷ್ಟು ಆಳವಾಗಿ ಕೆತ್ತಿದ್ದಾರೆ ನೋಡು" ಎಂದಳು. "ಅಳಿಸೋಕೇ ಆಗಲ್ಲ."

ಚಿಕ್ಕಮ್ಮ ಅವಳ ಭುಜ ಹಿಡಿದಳು. ಅಕ್ಕ ಕೊಸರಿಕೊಳ್ಳಲಿಲ್ಲ, ಒರಗಲೂ ಇಲ್ಲ. ಬಟ್ಟೆಯನ್ನು ಮತ್ತೆ ಹೊದಿಸಿ ಹಗ್ಗ ಕಟ್ಟಿದಳು. ಮೂಲೆ ಮಡಿಸಿ ಒಳಗೆ ಸೇರಿಸುವುದನ್ನೂ ಮರೆಯಲಿಲ್ಲ.

ವಾಪಸು ಬಂದಾಗ ಭಾವ ಸ್ಟುಡಿಯೋದಲ್ಲಿ, ಗಿರಾಕಿಗಳು ಕೂರುವ ಬೆಂಚಿನ ಮೇಲೆ, ಟೋಪಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವನ ಹಾಗೆ ಬೆನ್ನು ನೆಟ್ಟಗಿತ್ತು.

"ನನ್ನ ಕೇಳ್ಲಿಲ್ಲ" ಎಂದಳು ಅಕ್ಕ.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

ಭಾವ ಟೋಪಿಯನ್ನು ತಿರುಗಿಸುತ್ತಾ ಇದ್ದ. "ನಿನಗೆ ಅವನಿದ್ದಾನೆ. ವರ್ಷಾ ವರ್ಷಾ ನೀವಿಬ್ರೂ ಕೂತ್ಕೊಂಡು ಅವನನ್ನ ದೊಡ್ಡವನು ಮಾಡ್ತೀರಿ. ನನಗೆ ಆ ಫೋಟೋ ನೋಡಿದ್ರೆ ಯಾರೋ ಅನ್ನಿಸುತ್ತೆ. ನನ್ನ ಮಗ ನನಗೆ ಇಪ್ಪತ್ತೆರಡು ವರ್ಷದವನೇ."

ಅಕ್ಕ ಮೇಜಿನ ಮೇಲಿದ್ದ ಹೊಸ ಪ್ರಿಂಟನ್ನು ಕೈಗೆತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. "ಇದು ನಮ್ಮಪ್ಪ" ಎಂದಳು.

ಚಿಕ್ಕಮ್ಮ ಹತ್ತಿರ ಬಂದು ನೋಡಿದಳು. ನಿಜವೇ. ಮೊದಲ ನಾಲ್ಕೈದು ವರ್ಷ ಮರಿಯ ಮುಖವೇ ಅವಳಿಗೆ ದಾರಿ ತೋರಿಸುತ್ತಿತ್ತು. ಆಮೇಲೆ ಆ ಮುಖ ಮುಗಿದುಹೋಗಿತ್ತು. ಕೈಗೆ ಗೊತ್ತಿದ್ದ ಇನ್ನೊಂದು ಗಂಡಸಿನ ಮುಖ, ತಮ್ಮಿಬ್ಬರ ಅಪ್ಪನದು, ತಾನಾಗಿ ಬಂದು ಕೂತಿತ್ತು. ಅದೇ ಹುಬ್ಬು, ತುಟಿಯ ಪಕ್ಕದ ಅದೇ ಗೆರೆ.

"ನಿನಗೆ ಈಗ ಕಂಡಿತಾ ಅಕ್ಕ?"

"ಹೋದ ವರ್ಷಾನೂ ಕಂಡಿತ್ತು. ಅದರ ಹಿಂದಿನ ವರ್ಷಾನೂ." ಅಕ್ಕ ಪ್ರಿಂಟನ್ನು ಬೋರಲಾಗಿಟ್ಟಳು. "ಮೊಮ್ಮಗ ತಾತನ ಹಾಗೆ ಆಗ್ಬಾರ್ದಾ ಅಂತ ಸುಮ್ನಿದ್ದೆ."

ಭಾವ ಎದ್ದು ನಿಂತ. ಏನೋ ಹೇಳಲು ಹೊರಟ. ಅಕ್ಕ ಕೈ ಅಡ್ಡ ಹಿಡಿದು, "ನೀವು ಹೋಗಿ. ನನಗೆ ಮಾತಾಡೋಕೆ ಆಗಲ್ಲ" ಎಂದಳು. ಅವನು ಹೋದ.

ಸೋಮವಾರ ಬೆಳಗ್ಗೆ ಚಿಕ್ಕಮ್ಮ ಟ್ರೈಪಾಡು, ಕ್ಯಾಮೆರಾ ಹೊತ್ತು ಹೊರಟಾಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಗಿಲಲ್ಲಿ ನಿಂತು, "ಬರ್ತೀನಿ ಅಕ್ಕ" ಎಂದಳು.

ತೋಟ ತುಂಬಿತ್ತು. ಭಾಷಣ, ಬ್ಯಾಂಡು, ಆಮೇಲೆ ಒಂದು ನಿಮಿಷದ ಮೌನ. ಬಟ್ಟೆ ತೆಗೆಯುವಾಗ ಹಿಂದಿನ ದಿನ ಯಾರೋ ಬಿಗಿದು ಕಟ್ಟಿದ್ದ ಗಂಟು ಬಿಡಿಸಲು ಸಮಿತಿಯ ಅಧ್ಯಕ್ಷರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾರ್ಯದರ್ಶಿ ಒಂದೊಂದೇ ಹೆಸರು ಕೂಗಿದಂತೆ ಮನೆಯವರು ಬಂದು, ಹೂವಿಟ್ಟು, ಕಲ್ಲಿನ ಪಕ್ಕ ನಿಲ್ಲುತ್ತಿದ್ದರು. ಚಿಕ್ಕಮ್ಮ ಫೋಟೋ ತೆಗೆಯುತ್ತಿದ್ದಳು. "ಸ್ವಲ್ಪ ಈ ಕಡೆ, ತಲೆ ಎತ್ತಿ, ಹಾಂ" ಎಂಬ ಮಾತು ರೂಢಿಯ ಬಲದಿಂದ ತಾನೇ ಬರುತ್ತಿತ್ತು.

ಒಂಬತ್ತನೆಯ ಹೆಸರು ಕೂಗಿದಾಗ ಭಾವ ಒಬ್ಬನೇ ಬಂದ. ಹೂವು ಇಟ್ಟ. ಮಂಡಿಯೂರಿ ಕೂತವನು ಏಳಲಿಲ್ಲ. ಅವನ ಬೆನ್ನು ಅಲುಗುತ್ತಿದ್ದುದು ಲೆನ್ಸಿನಲ್ಲಿ ಅವಳಿಗೆ ತೀರ ಹತ್ತಿರದಿಂದ ಕಂಡಿತು. ಇಷ್ಟು ವರ್ಷದಲ್ಲಿ ಭಾವ ಅತ್ತದ್ದನ್ನು ಅವಳು ನೋಡಿರಲಿಲ್ಲ. ಅವನ ಅಳು ಶುರುವಾದದ್ದು ನಿಲ್ಲುವ ಹಾಗೆ ಕಾಣಲಿಲ್ಲ. ಜನ ಕೆಮ್ಮಿದರು, ಕಾಲು ಬದಲಿಸಿದರು. ಕಾರ್ಯದರ್ಶಿ ಮುಂದಿನ ಹೆಸರು ಕೂಗಲೋ ಬೇಡವೋ ಎಂದು ಅವಳ ಕಡೆ ನೋಡಿದ.

ಆಗ ಹಿಂದಿನಿಂದ ಜನ ದಾರಿ ಬಿಟ್ಟರು. ಅಕ್ಕ ಬರುತ್ತಿದ್ದಳು. ಹಿಂದಿನ ದಿನದ ಸೀರೆ, ಬಾಚದ ತಲೆ. ಗಂಡನ ಹತ್ತಿರ ಬಂದು, ರಟ್ಟೆಗೆ ಕೈ ಹಾಕಿ, "ಏಳಿ. ಮಂಡಿ ನೋವು ಬರುತ್ತೆ" ಎಂದಳು. ಎಬ್ಬಿಸಿ ನಿಲ್ಲಿಸಿದಳು. ಕಲ್ಲಿನ ಕಡೆ ನೋಡಲಿಲ್ಲ. ಅದಕ್ಕೆ ಬೆನ್ನು ಮಾಡಿ, ಗಂಡನ ಪಕ್ಕದಲ್ಲಿ, ಸರಿಯಾಗಿ ಒಂಬತ್ತನೆಯ ಸಾಲಿನ ಮುಂದೆ ನಿಂತಳು. ತಂಗಿಯ ಕಡೆ ನೋಡಿ, "ತೆಗಿ" ಎಂದಳು.

ಕಾರ್ಯದರ್ಶಿ ಮೆಲ್ಲಗೆ, "ಅಮ್ಮ, ಸ್ವಲ್ಪ ಪಕ್ಕಕ್ಕೆ. ಹೆಸರು ಮುಚ್ಚಿಹೋಗುತ್ತೆ" ಎಂದ.

"ಮುಚ್ಚಲಿ" ಎಂದಳು ಅಕ್ಕ.

ಚಿಕ್ಕಮ್ಮನಿಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಬಟನ್ ಒತ್ತಿ, "ಆಯ್ತು" ಎಂದಳು.

ಅಷ್ಟರಿಂದ ಗಂಡ ಹೆಂಡತಿ ಸರಿಹೋದರು ಎಂದಲ್ಲ. ಅಕ್ಕ ಆ ಸಂಜೆ ಮನೆಗೆ ಹೋಗಲಿಲ್ಲ, ಆ ವಾರವೂ ಹೋಗಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಿಂದಲೇ ಲಾಂಡ್ರಿಗೆ ಹೋಗಿಬರುತ್ತಿದ್ದಳು. ಭಾವ ಬಸ್ಸು ಖಾಲಿಯಾದ ಮೇಲೆ ಸ್ಟುಡಿಯೋದ ಮುಂದೆ ನಿಲ್ಲಿಸಿ, ತರಕಾರಿಯ ಚೀಲವನ್ನು ಬಾಗಿಲ ಒಳಗಿಟ್ಟು, ಒಂದು ಸಲ ಹಾರ್ನ್ ಮಾಡಿ ಹೋಗುತ್ತಿದ್ದ. ಅಕ್ಕ ಅದನ್ನು ತೆಗೆದುಕೊಂಡು, "ಬದನೆಕಾಯಿ ಆರಿಸೋಕೆ ಇವರಿಗೆ ಈ ಜನ್ಮದಲ್ಲಿ ಬರಲ್ಲ" ಎಂದು ಗೊಣಗುತ್ತಿದ್ದಳು. ತಂಗಿಯ ಮೇಲಿನ ಸಿಟ್ಟೂ ಸುಲಭಕ್ಕೆ ಇಳಿಯಲಿಲ್ಲ. "ಶನಿವಾರ ಪೂರ್ತಿ ಗೊತ್ತಿತ್ತು" ಎಂಬ ಮಾತು ಯಾವ ಜಗಳ ಬಂದರೂ ಕಡೆಗೆ ಬಂದೇ ಬರುತ್ತಿತ್ತು. ಚಿಕ್ಕಮ್ಮ ಅದನ್ನು ಹೊಟ್ಟೆಗೆ ಹಾಕಿಕೊಂಡಳು.

ಚಳಿ ಶುರುವಾಗುವ ಮೊದಲು ಒಂದು ದಿನ ಅಕ್ಕ ಬ್ಯಾಗು ತುಂಬಿಕೊಂಡು ಹೊರಟಳು. ಯಾರೂ ಬಂದು ಕರೆಯಲಿಲ್ಲ, ರಾಜಿ ಪಂಚಾಯಿತಿ ಏನೂ ನಡೆಯಲಿಲ್ಲ. "ಅವರ ಸ್ವೆಟರ್ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ" ಎಂದಷ್ಟೇ ಹೇಳಿದಳು.

ಮುಂದಿನ ವರ್ಷದ ನೆನಪಿನ ರಜೆ ಬಂತು. ಬರುತ್ತಾಳೋ ಇಲ್ಲವೋ ಎಂದು ಚಿಕ್ಕಮ್ಮ ಶನಿವಾರ ಬೆಳಗ್ಗೆಯೇ ಕಂಪ್ಯೂಟರ್ ಹಾಕಿಕೊಂಡು, ಮರಿಯ ಮುಖವನ್ನು ತೆಗೆಯಲೋ ಬೇಡವೋ ಎಂದು ಕೂತಿದ್ದಳು. ಅಕ್ಕ ಬಂದಳು. ಈ ಸಲ ಬ್ಯಾಗು ಇರಲಿಲ್ಲ. ತಲೆ ಚೆನ್ನಾಗಿ ಬಾಚಿಕೊಂಡಿದ್ದಳು.

"ಅದನ್ನ ಆರಿಸು" ಎಂದಳು. "ಅವನದು ಬೇಡ. ನಂದೊಂದು ತೆಗಿ."

ಸ್ಟೂಲಿನ ಮೇಲೆ ಕೂತಳು. ಚಿಕ್ಕಮ್ಮ ದೀಪ ಸರಿ ಮಾಡಿದಳು. ತೆಗೆದದ್ದನ್ನು ಪರದೆಯ ಮೇಲೆ ತೋರಿಸಿ, "ಕಣ್ಣಿನ ಕೆಳಗೆ ಕಪ್ಪಾಗಿದೆ, ತಿದ್ದಲಾ?" ಎಂದು ಕೇಳಿದಳು.

"ಏನೂ ಮುಟ್ಬೇಡ. ಬಂದ್ರೆ ಅವನಿಗೆ ನನ್ನ ಗುರುತು ಸಿಗ್ಬೇಕಲ್ಲ."

ಚಿಕ್ಕಮ್ಮ ಏನೂ ಮುಟ್ಟದೆ ಪ್ರಿಂಟು ಹಾಕಿ ಕೊಟ್ಟಳು. ಮರಿ ಹೋಗಿಬಿಟ್ಟಿದ್ದಾನೆಂದು ಅವಳಿಗೆ ದೋಣಿಯ ಸುದ್ದಿ ಬಂದ ದಿನವೇ ಗೊತ್ತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ. ವರ್ಷ ಸೇರಿಸುತ್ತಿದ್ದ ಶನಿವಾರಗಳಲ್ಲಿ ಅವನು ಸ್ವಲ್ಪ ಹೊತ್ತು ಬಂದು ಬಾಗಿಲಲ್ಲಿ ಕೂತ ಹಾಗಿರುತ್ತಿತ್ತು. ಅದು ನಿಂತದ್ದಕ್ಕೆ ಹಗುರವೂ ಆಯಿತು, ಆ ಮಧ್ಯಾಹ್ನ ಊಟವೂ ಸೇರಲಿಲ್ಲ.

ಸೋಮವಾರ ಅಕ್ಕ ಗಂಡನ ಜೊತೆ ತೋಟದ ಗೇಟಿನವರೆಗೆ ಬಂದು, ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತಳು. ಒಂಬತ್ತನೆಯ ಹೆಸರು ಕೂಗಿದಾಗ ಭಾವ ಹೋದ. ಅವನು ಹೂವಿಟ್ಟು, ಕಲ್ಲಿನ ಪಕ್ಕ ನಿಂತು, ಚಿಕ್ಕಮ್ಮ ಕ್ಯಾಮೆರಾ ಎತ್ತುವಷ್ಟರಲ್ಲಿ, "ನೀನೂ ಬಾರಮ್ಮ" ಎಂದ.

"ನಾನು ಬಂದ್ರೆ ಫೋಟೋ ಯಾರು ತೆಗೀತಾರೆ ಭಾವ?"

"ಯಾರಾದ್ರೂ ತೆಗೀಲಿ. ನಿನ್ನ ಹತ್ರಾನೇ ತಾನೆ ಅವನು ಬೆಳೆದದ್ದು."

ಅವಳು ಕ್ಯಾಮೆರಾವನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ, ಹೋಗಿ ನಿಂತಳು. ನಿಂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಲ್ಲಿಗೆ ಕೈ ತಗುಲಿದಾಗ, ಬಿಸಿಲಿಗೆ ಅದು ಬೆಚ್ಚಗಿತ್ತು, ಅವಳಿಗೆ ಹನ್ನೆರಡು ವರ್ಷದ ಅಳು ಒಮ್ಮೆಗೇ ಬಂತು. ಭಾವ ಅವಳ ತಲೆಯ ಮೇಲೆ ಕೈಯಿಟ್ಟ.

ಕಾರ್ಯದರ್ಶಿ ಅವಸರದ ಮನುಷ್ಯ. ಅವನು ತೆಗೆದ ಫೋಟೋದಲ್ಲಿ ಭಾವನ ತಲೆ ಅರ್ಧ ಕತ್ತರಿಸಿಹೋಗಿತ್ತು, ಚಿಕ್ಕಮ್ಮನ ಮುಖ ಅಲುಗಿ ಮಸುಕಾಗಿತ್ತು, ನಡುವೆ ಕಲ್ಲು ಓರೆಯಾಗಿ ನಿಂತಿತ್ತು. ಬೇರೆ ಯಾರದೇ ಆಗಿದ್ದರೆ ಅವಳು ಅಳಿಸಿಹಾಕುತ್ತಿದ್ದಳು. ಅದರ ಎರಡು ಪ್ರಿಂಟು ಹಾಕಿ ಒಂದನ್ನು ಭಾವನಿಗೆ ಕೊಟ್ಟಳು. ಅವನು ಅದನ್ನು ಮನೆಗೆ ಒಯ್ಯಲಿಲ್ಲ. ಬಸ್ಸಿನಲ್ಲಿ, ತನ್ನ ಸೀಟಿನ ಎದುರಿಗೆ, ಕನ್ನಡಿಯ ಪಕ್ಕದಲ್ಲಿ ಸಿಕ್ಕಿಸಿಕೊಂಡ.